ತುಪ್ಪದಲ್ಲಿ ಹರಳಿಲ್ಲ ಅಂದರೆ ಕಲಬೆರಕೆಯಾ? ಆ ಕೆನೆ ಬಣ್ಣ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ವಾರಕ್ಕೊಮ್ಮೆ ಒಬ್ಬರು ಅಜ್ಜಿ ಎಮ್ಮೆ ಬೆಣ್ಣೆ ತಂದುಕೊಡುತ್ತಾರೆ, ನಾನೇ ಕಾಯಿಸುತ್ತೇನೆ. ಯಾವಾಗಲೂ ರವೆಯ ಹಾಗೆ ಹರಳು ಹರಳಾಗಿ ಹೆರೆಯುತ್ತಿದ್ದ ತುಪ್ಪ ಈ ಸಲ ಮೇಣದ ಹಾಗೆ ನುಣ್ಣಗೆ ಗಟ್ಟಿಯಾಗಿ ಕೂತಿದೆ. ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಪಾತ್ರೆಯನ್ನು ಫ್ರಿಜ್ಜಿನಲ್ಲಿಟ್ಟು ಹೋಗಿದ್ದೆ, ಅಷ್ಟೇ. ಹರಳಿಲ್ಲದ ತುಪ್ಪ ಶುದ್ಧ ಅಲ್ಲ, ಬೆಣ್ಣೆಗೆ ವನಸ್ಪತಿ ಬೆರೆಸಿದ್ದಾರೆ ಅಂತ ಅತ್ತೆ ಹೇಳುತ್ತಾರೆ. ನಿಜವಾ? ಇನ್ನೆರಡು ಸಣ್ಣ ಪ್ರಶ್ನೆ. ಮಗಳು ಪಿಯುಸಿ ಓದುತ್ತಿದ್ದಾಳೆ, ಲ್ಯಾಬಿನಲ್ಲಿ ಬಂದ ಸಿಲ್ವರ್ ಬ್ರೋಮೈಡ್ ಬಣ್ಣ ನಮ್ಮ ತುಪ್ಪದ್ದೇ ಥರ ಕೆನೆ ಬಣ್ಣ ಅಂದಳು, ಎರಡಕ್ಕೂ ಕಾರಣ ಒಂದೇನಾ? ಮತ್ತೆ, ಹಾಲಿನ ಪುಡಿ ಜಾಸ್ತಿ ಹಾಕಿ ಮನೆಯಲ್ಲಿ ಮಾಡಿದ ಐಸ್‌ಕ್ರೀಂ ಎರಡು ವಾರಕ್ಕೆ ನಾಲಿಗೆಗೆ ಮರಳು ಮರಳಾಯಿತು, ಯಾಕೆ?

ಉತ್ತರ: ಮೊದಲು ಆ ಅಜ್ಜಿಯ ಮೇಲಿನ ಅನುಮಾನ ಬಿಟ್ಟುಬಿಡಿ. ‘ಫ್ರಿಜ್ಜಿನಲ್ಲಿಟ್ಟು ಹೋಗಿದ್ದೆ, ಅಷ್ಟೇ’ ಅಂದಿದ್ದೀರಲ್ಲ, ಆ ‘ಅಷ್ಟೇ’ಯಲ್ಲೇ ಎಲ್ಲ ಇದೆ.

ತುಪ್ಪದ ಹರಳು ಹೇಳುವುದು ತುಪ್ಪ ಹೇಗೆ ತಣ್ಣಗಾಯಿತು ಅನ್ನೋದನ್ನು. ಅದಕ್ಕೆ ಏನು ಬೆರೆಸಿದ್ದಾರೆ ಅಂತ ಹರಳಿಗೆ ಹೇಳಲು ಬರುವುದಿಲ್ಲ. ಡೇರಿ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ತುಪ್ಪ ನೋಡಿದವನು ನಾನು. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ಹೇಳುತ್ತಲೇ ಇರುತ್ತೇನೆ, ಯಾಕೆಂದರೆ ಹರಳು ನೋಡಿ ಶುದ್ಧ ಅಂತ ತೀರ್ಮಾನ ಮಾಡುವ ಅಭ್ಯಾಸದಿಂದ ಒಳ್ಳೆ ಬೆಣ್ಣೆ ತಂದುಕೊಡುವವರು ಸುಮ್ನೆ ಮಾತು ಕೇಳಬೇಕಾಗುತ್ತದೆ, ಕಲಬೆರಕೆ ಮಾಡುವವರು ಸಲೀಸಾಗಿ ಪಾರಾಗುತ್ತಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು ಹೇಳುತ್ತೇನೆ. ಒಂದೇ ಕಡಾಯಿಯಲ್ಲಿ ಕಾಯಿಸಿದ ತುಪ್ಪವನ್ನು ಒಂದೇ ಹೊತ್ತಿಗೆ ಹದಿನೈದು ಕಿಲೋ ಟಿನ್‌ಗಳಿಗೆ ತುಂಬಿಸಿದ್ದೆವು. ಕೆಲವು ಟಿನ್ ಒಳಕೋಣೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಜಾಗ ಸಾಲದೆ ನಾಲ್ಕೈದು ಟಿನ್ ಹೊರಗಿನ ಜಗಲಿಯಲ್ಲಿ, ಬರಿ ಸಿಮೆಂಟ್ ನೆಲದ ಮೇಲೆ ಉಳಿದವು. ಡಿಸೆಂಬರ್ ರಾತ್ರಿ. ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಒಳಕೋಣೆಯ ಟಿನ್ನಿನಲ್ಲಿ ಗಸಗಸೆಗಿಂತ ದಪ್ಪ ಹರಳು, ನಡುವೆ ಬಂಗಾರದ ಬಣ್ಣದ ಎಣ್ಣೆ. ಜಗಲಿಯ ಟಿನ್ನಿನಲ್ಲಿ ಚಮಚ ಒತ್ತಿದರೆ ಸಾಬೂನು ಕೊರೆದ ಹಾಗೆ ನುಣುಪು, ಬಣ್ಣವೂ ಒಂದು ಪಟ್ಟು ಬೆಳ್ಳಗೆ. ನನಗೆ ಗಾಬರಿ. ಇವೆರಡೂ ಒಂದೇ ತುಪ್ಪ ಅಂತ ನಾನೇ ನಂಬಲಿಲ್ಲ. ನಮ್ಮ ಹಿರಿಯರೊಬ್ಬರು ಏನೂ ಮಾತಾಡದೆ ಎರಡರಿಂದಲೂ ಒಂದೊಂದು ಲೋಟ ತೆಗೆದು, ಚೆನ್ನಾಗಿ ಕಾಯಿಸಿ, ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಇಟ್ಟರು. ಮರುದಿನ ಯಾವುದು ಯಾವುದು ಅಂತ ಗುರುತು ಹಿಡಿಯಲು ನನಗೆ ಆಗಲಿಲ್ಲ.

ಯಾಕೆ ಹೀಗಾಗುತ್ತದೆ ನೋಡಿ. ತುಪ್ಪ ನೀರಿನ ಹಾಗೆ ಒಂದೇ ವಸ್ತು ಅಲ್ಲ. ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಮುಗಿಯಿತು. ತುಪ್ಪದಲ್ಲಿ ನೂರಾರು ಬಗೆಯ ಕೊಬ್ಬಿನ ಕಣಗಳು ಕಲೆತಿರುತ್ತವೆ. ಒಂದೊಂದು ಕಣದಲ್ಲೂ ಮೂರು ಕೊಬ್ಬಿನ ಆಮ್ಲಗಳು ಒಂದು ಗ್ಲಿಸರಾಲಿಗೆ ಅಂಟಿಕೊಂಡಿರುತ್ತವೆ, ಮೂರು ಹಲ್ಲಿನ ಬಾಚಣಿಗೆಯ ಹಾಗೆ. ಆ ಆಮ್ಲಗಳ ಸ್ವಭಾವ ಒಂದಕ್ಕೊಂದು ಸಂಬಂಧವೇ ಇಲ್ಲ. ಬಿಡಿಯಾಗಿ ತೆಗೆದು ನೋಡಿದರೆ ಸ್ಟಿಯರಿಕ್ ಆಮ್ಲ ಕರಗುವುದಕ್ಕೆ ಸುಮಾರು 69 ಡಿಗ್ರಿ ಬೇಕು, ಪಾಲ್ಮಿಟಿಕ್ ಆಮ್ಲಕ್ಕೆ 63, ಓಲಿಯಿಕ್ ಆಮ್ಲ ನಮ್ಮೂರಿನ ಸಾಮಾನ್ಯ ಹವೆಯಲ್ಲಿ ಎಣ್ಣೆಯಾಗಿಯೇ ಇರುತ್ತದೆ, ಬ್ಯುಟಿರಿಕ್ ಆಮ್ಲ ಸೊನ್ನೆ ಡಿಗ್ರಿಯಲ್ಲೂ ಹೆರೆಯುವುದಿಲ್ಲ. ಇವೆಲ್ಲ ಸೇರಿ ಆದ ಹಾಲಿನ ಕೊಬ್ಬು ಕರಗುವುದು ಒಂದು ಉಷ್ಣಾಂಶದಲ್ಲಿ ಅಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ ಹಿಡಿದು ಸೊನ್ನೆಗಿಂತ 40 ಡಿಗ್ರಿ ಮೇಲಿನವರೆಗೂ ಸ್ವಲ್ಪ ಸ್ವಲ್ಪವಾಗಿ ಕರಗುತ್ತಾ ಹೋಗುತ್ತದೆ. ಹಾಗಾಗಿ ನಿಮ್ಮ ಅಡುಗೆಮನೆಯಲ್ಲಿ ಇರುವ ತುಪ್ಪ ಸಾಮಾನ್ಯವಾಗಿ ಒಂದಿಷ್ಟು ಗಟ್ಟಿ, ಒಂದಿಷ್ಟು ಎಣ್ಣೆ. ಬೇಸಿಗೆಯಲ್ಲಿ ಕಲಬುರಗಿಯ ಕಡೆ 40 ಡಿಗ್ರಿ ಮುಟ್ಟಿದಾಗ ಪೂರಾ ಎಣ್ಣೆ. ನಿಮ್ಮ ಕಡೆ ಮಾಗಿಯ ಬೆಳಗಿನಲ್ಲಿ ಗಟ್ಟಿಯ ಪಾಲು ಜಾಸ್ತಿ.

ಕಾಯಿಸಿ ಇಳಿಸಿದ ತುಪ್ಪ ನಿಧಾನವಾಗಿ ಆರುತ್ತಾ ಸುಮಾರು 30 ಡಿಗ್ರಿಗೆ ಬಂದಾಗ, ಬೇಗ ಗಟ್ಟಿಯಾಗುವ ಕಣಗಳು, ಅಂದರೆ ಪಾಲ್ಮಿಟಿಕ್, ಸ್ಟಿಯರಿಕ್ ಜಾಸ್ತಿ ಇರುವವು, ಮೊದಲು ಒಂದರ ಪಕ್ಕ ಒಂದು ಕೂರಲು ಶುರು ಮಾಡುತ್ತವೆ. ಅಲ್ಲೊಂದು ಇಲ್ಲೊಂದು ಸಣ್ಣ ಬೀಜ ಹುಟ್ಟುತ್ತದೆ. ಇನ್ನೂ ಬೆಚ್ಚಗಿರುವುದರಿಂದ ಹೊಸ ಬೀಜ ಹುಟ್ಟುವುದು ಕಷ್ಟ, ಇರುವ ಬೀಜ ಬೆಳೆಯುವುದು ಸುಲಭ. ಉಳಿದ ಕಣಗಳು ಎಣ್ಣೆಯಲ್ಲಿ ಓಡಾಡುತ್ತಾ ಬಂದು ಆ ಬೀಜಕ್ಕೇ ಅಂಟಿಕೊಳ್ಳುತ್ತವೆ. ರಾತ್ರಿ ಇಡೀ ಇದೇ ನಡೆದರೆ ಬೆಳಿಗ್ಗೆಗೆ ಕೆಲವೇ ಹರಳು, ಆದರೆ ದಪ್ಪ ಹರಳು. ಒಂದು ಹರಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಲ್ಲುಸಕ್ಕರೆಯ ಹಾಗೆ ಮುಖ, ಮೂಲೆ ಕಾಣುವುದಿಲ್ಲ. ನಡುವಿನ ಒಂದು ಚುಕ್ಕೆಯಿಂದ ಸುತ್ತಲೂ ಸೂಜಿಗಳು ಹೊರಟಿರುತ್ತವೆ, ಮುಟ್ಟಿದರೆ ಮುನಿಯ ಹೂವಿನ ಹಾಗೆ. ಸೂಜಿಗಳ ಸಂದಿಯಲ್ಲಿ ಎಣ್ಣೆ ನಿಂತಿರುತ್ತದೆ. ನಾಲಿಗೆಯ ಮೇಲಿಟ್ಟ ತಕ್ಷಣ ಹರಳು ಕುಸಿಯುತ್ತದಲ್ಲ, ಅದಕ್ಕೆ ಕಾರಣ ಇದೇ.

ಫ್ರಿಜ್ಜಿನಲ್ಲಿ ನಡೆಯುವುದು ಇದರ ತಿರುಗುಮುರುಗು. ನಾಲ್ಕೈದು ಡಿಗ್ರಿಯ ಗಾಳಿಗೆ ಪಾತ್ರೆಯ ಗೋಡೆ ಬೇಗ ತಣ್ಣಗಾಗುತ್ತದೆ. ಎಲ್ಲ ಕಡೆಯೂ ಒಟ್ಟಿಗೆ ಲಕ್ಷಗಟ್ಟಲೆ ಬೀಜ ಹುಟ್ಟುತ್ತವೆ. ಪ್ರತಿ ಬೀಜಕ್ಕೂ ಸಿಗುವ ಪಾಲು ಅತಿ ಕಡಿಮೆ, ದೊಡ್ಡದಾಗುವಷ್ಟರಲ್ಲಿ ಸುತ್ತಲಿನ ಎಣ್ಣೆಯೂ ಗಟ್ಟಿಯಾಗಿಬಿಡುತ್ತದೆ. ಮೃದು ಕಣ, ಗಡುಸು ಕಣ ಅಂತ ಬೇರೆ ಬೇರೆಯಾಗಲು ಹೊತ್ತೇ ಸಿಗುವುದಿಲ್ಲ, ಎಲ್ಲ ಸೇರಿ ಒಂದೇ ಗುಂಪಾಗಿ ಹೆಪ್ಪುಗಟ್ಟುತ್ತವೆ. ಅದೇ ನೀವು ಕಂಡ ಮೇಣ. ಕೊಬ್ಬಿನ ಕಣಗಳು ಕೂರುವ ಭಂಗಿಯಲ್ಲೂ ಮೂರು ಥರ ಇದೆ. ಆಲ್ಫಾ, ಬೀಟಾ-ಪ್ರೈಮ್, ಬೀಟಾ ಅಂತ ಹೆಸರು. ಥಟ್ಟನೆ ತಣ್ಣಗಾದರೆ ಮೊದಲು ಬರುವುದು ಆಲ್ಫಾ, ಅವಸರದಲ್ಲಿ ಹೇಗೆಂದರೆ ಹಾಗೆ ಕೂತದ್ದು. ಆಮೇಲೆ ನಿಧಾನವಾಗಿ ಅದು ಇನ್ನೂ ಬಿಗಿಯಾದ ಭಂಗಿಗೆ ಜರುಗುತ್ತದೆ. ಹಾಗಾಗಿ ಫ್ರಿಜ್ಜಿನ ತುಪ್ಪ ಮೊದಲ ದಿನಕ್ಕಿಂತ ವಾರದ ಮೇಲೆ ಇನ್ನೂ ಗಡುಸಾಗಿರುತ್ತದೆ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರ ಅನುಭವದಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಫ್ರಿಜ್ಜೇ ಇಲ್ಲದ ಕಾಲದಲ್ಲಿ ತುಪ್ಪ ಒಲೆಯ ಹತ್ತಿರ, ಭರಣಿಯಲ್ಲಿ, ತನ್ನ ಪಾಡಿಗೆ ಆರುತ್ತಿತ್ತು. ಎಮ್ಮೆ ತುಪ್ಪದಲ್ಲಿ ಬೇಗ ಗಟ್ಟಿಯಾಗುವ ಕಣ ಹಸುವಿನದಕ್ಕಿಂತ ಜಾಸ್ತಿ, ಹರಳೂ ದಪ್ಪ. ಅಂಥ ಮನೆಯಲ್ಲಿ ಒಂದು ದಿನ ತುಪ್ಪ ಬೇರೆ ಥರ ಹೆರೆತರೆ ಏನೋ ಬದಲಾಗಿದೆ ಅಂತ ಅನುಮಾನ ಬರುವುದು ಸಹಜವೇ. ಬದಲಾದದ್ದು ಮೇವೂ ಇರಬಹುದಲ್ವಾ? ಹತ್ತಿಬೀಜ ತಿನ್ನುವ ದನದ ತುಪ್ಪ ಗಡುಸು, ಅದು ಕರಗುವ ಉಷ್ಣಾಂಶವೂ ಮೇಲೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದರೆ ನಮ್ಮ ದೇಶದ ತುಪ್ಪದ ನಿಯಮಗಳಲ್ಲಿ ಹತ್ತಿ ಬೆಳೆಯುವ ಪ್ರದೇಶಗಳಿಗೆ ಪ್ರತ್ಯೇಕ ಅಳತೆಗಳನ್ನೇ ಇಟ್ಟರು.

ಆದರೆ ಹರಳನ್ನೇ ಶುದ್ಧತೆಯ ಗುರುತು ಅಂದುಕೊಂಡರೆ ಎಡವುತ್ತೇವೆ. ವನಸ್ಪತಿ ತಯಾರಿಸುವವರಿಗೆ ಜನ ಹರಳು ನೋಡುತ್ತಾರೆ ಅನ್ನೋದು ಮೊದಲಿನಿಂದಲೂ ಗೊತ್ತು. ಅದಕ್ಕೇ ಟಿನ್ನಿಗೆ ತುಂಬಿದ ಮೇಲೆ ನಿಧಾನವಾಗಿ ತಣಿಸಿ, ತುಪ್ಪದ ಹಾಗೇ ಹರಳು ಬರಿಸುವ ರೂಢಿ ಬಂತು. ಅಂದರೆ ನೀವು ಹೆದರುತ್ತಿರುವ ಆ ವನಸ್ಪತಿಗೇ ಒಳ್ಳೆ ಹರಳು ಬರುತ್ತದೆ! ಬಣ್ಣ ನೋಡಿ ಹೇಳುವುದೂ ಆಗದ ಮಾತು, ಬಣ್ಣವನ್ನು ಹಾಕಬಹುದು.

ಹಾಗಾದರೆ ನಿಜವಾಗಿ ಹೇಗೆ ಪತ್ತೆ ಮಾಡುತ್ತಾರೆ? ಪ್ರಯೋಗಾಲಯದಲ್ಲಿ ಮೊದಲು ನೋಡುವುದು ಬೆಳಕು ತುಪ್ಪದೊಳಗೆ ಎಷ್ಟು ಬಾಗುತ್ತದೆ ಅಂತ. ಅದಕ್ಕೆ ಬ್ಯುಟಿರೋ ರಿಫ್ರ್ಯಾಕ್ಟೋಮೀಟರ್ ಅಂತ ಉಪಕರಣ ಇದೆ, ನಾವು ಬಿ.ಆರ್. ರೀಡಿಂಗ್ ಅನ್ನುತ್ತೇವೆ. ತುಪ್ಪವನ್ನು 40 ಡಿಗ್ರಿಯಲ್ಲಿ ಪೂರ್ತಿ ಕರಗಿಸಿ ಒಂದು ತೊಟ್ಟು ಇಟ್ಟರೆ ಒಳ್ಳೆ ತುಪ್ಪ ಸಾಮಾನ್ಯವಾಗಿ 40ರಿಂದ 43ರ ಒಳಗೆ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಅದಕ್ಕಿಂತ ಕೆಳಗೆ, ಬೇರೆ ಹೆಚ್ಚಿನ ಅಡುಗೆ ಎಣ್ಣೆಗಳು ಅದಕ್ಕಿಂತ ಮೇಲೆ. ಕಿಲಾಡಿಗಳು ಎರಡನ್ನೂ ಲೆಕ್ಕ ಹಾಕಿ ಬೆರೆಸಿ ರೀಡಿಂಗ್ ಸರಿ ಬರುವಂತೆ ಮಾಡುತ್ತಾರೆ, ಹಾಗಾಗಿ ಇದೊಂದೇ ಸಾಲದು. ಆರ್.ಎಂ. ಮೌಲ್ಯವನ್ನೂ ನೋಡಬೇಕು. 5 ಗ್ರಾಂ ತುಪ್ಪದಲ್ಲಿ ಆವಿಯಾಗುವ, ನೀರಿನಲ್ಲಿ ಕರಗುವ ಸಣ್ಣ ಆಮ್ಲಗಳು ಎಷ್ಟಿವೆ ಅಂತ ಹೇಳುವ ಅಳತೆ ಇದು. ಮುಖ್ಯವಾಗಿ ಬ್ಯುಟಿರಿಕ್ ಆಮ್ಲ, ಬೆಣ್ಣೆಗೆ ಬೆಣ್ಣೆಯ ವಾಸನೆ ಕೊಡುವುದರಲ್ಲಿ ಅದರ ಪಾಲು ದೊಡ್ಡದು. ಒಳ್ಳೆ ತುಪ್ಪದಲ್ಲಿ ಈ ಮೌಲ್ಯ ಇಪ್ಪತ್ತರ ಮೇಲೆ ಇರುತ್ತದೆ, ಅಗ್‌ಮಾರ್ಕ್‌ನವರು ಸಾಮಾನ್ಯ ಪ್ರದೇಶದ ತುಪ್ಪಕ್ಕೆ ಕೇಳುವುದು 28. ವನಸ್ಪತಿಯಲ್ಲೂ ಪ್ರಾಣಿಗಳ ಮೈಕೊಬ್ಬಿನಲ್ಲೂ ಹೆಚ್ಚುಕಡಿಮೆ ಸೊನ್ನೆ. ಇನ್ನೊಂದು ಬುದ್ಧಿವಂತ ಉಪಾಯವನ್ನು ಕಾನೂನೇ ಮಾಡಿತು: ವನಸ್ಪತಿಯಲ್ಲಿ ಕಡ್ಡಾಯವಾಗಿ ಶೇಕಡಾ 5 ಎಳ್ಳೆಣ್ಣೆ ಇರಬೇಕು ಅಂತ. ಯಾಕೆ ಗೊತ್ತಾ? ಎಳ್ಳೆಣ್ಣೆ ಇದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಹಾಕಿದಾಗ ಕೆಂಪು ಬಣ್ಣ ಏಳುತ್ತದೆ. ತುಪ್ಪಕ್ಕೆ ವನಸ್ಪತಿ ಬೆರೆಸಿದರೆ ಆ ಎಳ್ಳೆಣ್ಣೆಯೇ ಚಾಡಿ ಹೇಳುತ್ತದೆ. ಬೋಡೋಯಿನ್ ಪರೀಕ್ಷೆ ಅಂತ ಇದರ ಹೆಸರು. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಆ ಆಮ್ಲ ಕೈ ಸುಡುತ್ತದೆ. ಅನುಮಾನ ಹೋಗದೇ ಇದ್ದರೆ ಸ್ವಲ್ಪ ತುಪ್ಪವನ್ನು ಆಹಾರ ಪರೀಕ್ಷೆ ಮಾಡುವ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಡಿ. ಆಲೂಗಡ್ಡೆ ಅಥವಾ ಹಿಟ್ಟು ಬೆರೆಸಿದ್ದಾರಾ ಅನ್ನೋದನ್ನು ಮಾತ್ರ ಮನೆಯಲ್ಲೇ ನೋಡಬಹುದು. ಎರಡು ತೊಟ್ಟು ಟಿಂಚರ್ ಅಯೋಡಿನ್ ಹಾಕಿ, ನೀಲಿಯಾದರೆ ಪಿಷ್ಟ ಇದೆ.

ಇನ್ನು ಕೆನೆ ಬಣ್ಣ. ನಿಮ್ಮ ಮಗಳು ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು.

ಕರಗಿದ ತುಪ್ಪ ಪಾರದರ್ಶಕ, ಬಂಗಾರದ ಬಣ್ಣ. ಅದೇ ತುಪ್ಪ ಹೆರೆತರೆ ಕೆನೆ ಬಣ್ಣ, ಆಚೆ ಏನೂ ಕಾಣುವುದಿಲ್ಲ. ಹೊಸ ಬಣ್ಣ ಎಲ್ಲಿಂದಲೂ ಬಂದು ಸೇರಿಲ್ಲ. ಮಂಜುಗಡ್ಡೆಯನ್ನು ಜಜ್ಜಿ ಪುಡಿ ಮಾಡಿದರೆ ಬೆಳ್ಳಗೆ ಕಾಣುತ್ತದಲ್ಲ, ಇಲ್ಲೂ ಹಾಗೇ. ಸಾವಿರಾರು ಸಣ್ಣ ಹರಳುಗಳ ಮೈಗೆ ತಾಗಿ ಬೆಳಕು ದಿಕ್ಕು ದಿಕ್ಕಿಗೆ ಚದುರುತ್ತದೆ, ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಹರಳು ಸಣ್ಣದಾದಷ್ಟೂ ಚದುರುವುದು ಜಾಸ್ತಿ. ಜಗಲಿಯ ಟಿನ್ ಹೆಚ್ಚು ಬೆಳ್ಳಗಿದ್ದದ್ದು ಇದಕ್ಕೇ, ನಿಮ್ಮ ಫ್ರಿಜ್ಜಿನ ತುಪ್ಪವೂ ಅಷ್ಟೇ. ಈ ಬಿಳಿಯ ಜೊತೆಗೆ ಒಂಚೂರು ಹಳದಿ ಸೇರಿದರೆ ಕೆನೆ ಬಣ್ಣವಾಯಿತು. ಹಸುವಿನ ತುಪ್ಪದಲ್ಲಿ ಆ ಹಳದಿ ಕೊಡುವುದು ಬೀಟಾ ಕ್ಯಾರೋಟಿನ್, ಹಸಿರು ಹುಲ್ಲಿನಿಂದ ಬಂದದ್ದು. ಶುದ್ಧ ರೂಪದಲ್ಲಿ ಅದು ಕಡುಗೆಂಪು ಹರಳು. ಒಂದು ಗ್ರಾಂ ತುಪ್ಪದಲ್ಲಿ ಇರುವುದು ಕೆಲವೇ ಮೈಕ್ರೋಗ್ರಾಂ, ಅಷ್ಟಕ್ಕೇ ಇಷ್ಟು ಬಣ್ಣ! ಅದು ಬೆಳಕಿನಲ್ಲಿರುವ ನೀಲಿಯನ್ನು ನುಂಗಿಬಿಡುತ್ತದೆ. ಬಿಳಿಯಿಂದ ನೀಲಿ ಕಳೆದರೆ ಉಳಿಯುವುದು ಹಳದಿ ಛಾಯೆ. ಒಣಹುಲ್ಲು ತಿನ್ನುವ ತಿಂಗಳುಗಳಲ್ಲಿ ಹಸುವಿನ ತುಪ್ಪವೂ ಪೇಲವ. ಎಮ್ಮೆ ಮಾತ್ರ ಎಷ್ಟು ಹಸಿರು ಮೇಯ್ದರೂ ಕ್ಯಾರೋಟಿನ್ ಪೂರಾ ಎ ಜೀವಸತ್ವವಾಗಿ ಮಾರ್ಪಟ್ಟು ಹಾಲಿಗೆ ಬರುತ್ತದೆ, ಅದಕ್ಕೆ ಬಣ್ಣವೇ ಇಲ್ಲ. ಎಮ್ಮೆ ತುಪ್ಪ ಬೆಳ್ಳಗೆ, ಗಮನಿಸಿ ನೋಡಿದರೆ ಒಂಚೂರು ಹಸಿರು ಛಾಯೆ. ನಿಮ್ಮ ಎಮ್ಮೆ ತುಪ್ಪಕ್ಕೆ ಕೆನೆ ಬಣ್ಣ ಬಂದಿದ್ದರೆ ಅದರ ಒಂದು ಪಾಲು ನೀವು ಕಾಯಿಸಿದ ಹದದ್ದು. ಗಸಿ ಕೆಂಪಾಗುವವರೆಗೆ ಬಿಟ್ಟರೆ ಹಾಲಿನ ಸಕ್ಕರೆ, ಪ್ರೋಟೀನು ಸೇರಿ ಕಂದು ಬಣ್ಣ ಹುಟ್ಟುತ್ತದೆ, ಸ್ವಲ್ಪ ತುಪ್ಪಕ್ಕೂ ಇಳಿಯುತ್ತದೆ. ಧಾರವಾಡ ಪೇಡಕ್ಕೆ ಖೋವಾ ಹುರಿಯುವಾಗ ಬರುವ ಬಣ್ಣವೂ ಇದೇ ಜಾತಿಯದು.

ಸಿಲ್ವರ್ ಬ್ರೋಮೈಡ್ ಅಂದರೆ ಬೆಳ್ಳಿ ಮತ್ತು ಬ್ರೋಮಿನ್ ಸೇರಿದ ಲವಣ. ಅದರಲ್ಲೂ ನಡೆಯುವುದು ಇದೇ, ನೀಲಿ ಕಡೆಯ ಬೆಳಕು ಕಳೆದುಹೋಗುತ್ತದೆ. ಆದರೆ ಅಲ್ಲಿ ಬೇರೆ ಬಣ್ಣದ ವಸ್ತು ಬೆರೆತಿಲ್ಲ, ಹರಳೇ ನೇರಳೆ ಮತ್ತು ನೀಲಿಯ ಒಂದು ಪಾಲನ್ನು ಹೀರುತ್ತದೆ. ಪಕ್ಕದ ಎರಡು ಪ್ರನಾಳ ನೋಡಲು ಹೇಳಿ: ಸಿಲ್ವರ್ ಕ್ಲೋರೈಡ್ ಕಣ್ಣಿಗೆ ಕಾಣುವ ಬೆಳಕನ್ನು ಹೆಚ್ಚು ಹೀರುವುದಿಲ್ಲ, ಹಾಗಾಗಿ ಬಿಳಿ. ಸಿಲ್ವರ್ ಅಯೋಡೈಡ್ ಬಣ್ಣದಲ್ಲಿ ಒಂದು ಹೆಜ್ಜೆ ಮುಂದೆ, ಎದ್ದು ಕಾಣುವ ಹಳದಿ. ನಡುವಿನದು ಕೆನೆ. ಹಾಗಾಗಿ ಎರಡಕ್ಕೂ ಕಾರಣ ಒಂದೇನಾ ಅಂದರೆ, ಬೆಳಕಿನ ಲೆಕ್ಕದಲ್ಲಿ ಹೌದು, ವಸ್ತುವಿನ ಲೆಕ್ಕದಲ್ಲಿ ಅಲ್ಲ. ಹಸುವಿನ ತುಪ್ಪದಿಂದ ಕ್ಯಾರೋಟಿನ್ ತೆಗೆದರೆ ಬೆಳ್ಳಗಾಗುತ್ತದೆ, ಸಿಲ್ವರ್ ಬ್ರೋಮೈಡ್‌ನಿಂದ ತೆಗೆಯಲು ಏನೂ ಇಲ್ಲ.

ಹರಳಿನ ಗಾತ್ರದ ನಿಯಮವಂತೂ ಅಲ್ಲೂ ಅದೇ. ಸಿಲ್ವರ್ ಬ್ರೋಮೈಡ್ ನೀರಿನಲ್ಲಿ ಕರಗುವುದಿಲ್ಲ ಅಂದರೂ ನಡೆದೀತು, ಒಂದು ಲೀಟರಿಗೆ ಸುಮಾರು 0.13 ಮಿಲಿಗ್ರಾಂ ಅಷ್ಟೇ. ಅದಕ್ಕೇ ಬ್ರೋಮೈಡ್ ಕರಗಿರುವ ನೀರಿಗೆ ಸಿಲ್ವರ್ ನೈಟ್ರೇಟ್ ಒಂದು ತೊಟ್ಟು ಬಿದ್ದ ಕ್ಷಣದಲ್ಲಿ ಕೋಟಿಗಟ್ಟಲೆ ಬೀಜ ಒಟ್ಟಿಗೆ ಹುಟ್ಟಿ, ಒಂದೂ ಬೆಳೆಯದೆ, ಒಡೆದ ಮೊಸರಿನ ಹಾಗೆ ಮುದ್ದೆ ಮುದ್ದೆಯಾಗಿ ತಳ ಸೇರುತ್ತದೆ. ಫ್ರಿಜ್ಜಿನ ತುಪ್ಪದ್ದೇ ಕಥೆ, ಇನ್ನೂ ಅವಸರದಲ್ಲಿ. ಆ ಪ್ರನಾಳವನ್ನು ಕಿಟಕಿಯ ಬಿಸಿಲಿಗೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಲಿ, ಕೆನೆ ಬಣ್ಣ ಬೂದಿಯ ಕಡೆ ತಿರುಗಿರುತ್ತದೆ. ಬೆಳಕು ಬಿದ್ದಲ್ಲಿ ಬೆಳ್ಳಿ ಬಿಡಿಯಾಗುತ್ತದೆ. ಹಳೆ ಕಾಲದ ಫೋಟೋ ಫಿಲ್ಮ್ ನಿಂತಿದ್ದೇ ಈ ಗುಣದ ಮೇಲೆ. ಜೆಲಟಿನ್‌ನಲ್ಲಿ ಸಿಲ್ವರ್ ಬ್ರೋಮೈಡ್ ಹರಳುಗಳನ್ನು ಬೆಚ್ಚಗಿಟ್ಟು ಮಾಗಿಸುತ್ತಿದ್ದರು. ಮಾಗುವಾಗ ಚಿಕ್ಕ ಹರಳು ಕರಗಿ ದೊಡ್ಡದಕ್ಕೆ ಸೇರುತ್ತಿತ್ತು. ದೊಡ್ಡ ಹರಳಿನ ಫಿಲ್ಮ್ ಕಡಿಮೆ ಬೆಳಕಿಗೂ ಸ್ಪಂದಿಸುತ್ತಿತ್ತು, ಆದರೆ ಚಿತ್ರದಲ್ಲಿ ಚುಕ್ಕೆ ಚುಕ್ಕೆ ಕಾಣುತ್ತಿತ್ತು. ನಮ್ಮ ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇತ್ತು, ಇಂದು ಅನ್ನುವ ಹೆಸರಿನ ಫಿಲ್ಮ್ ಅಲ್ಲಿಂದ ಬರುತ್ತಿತ್ತು. ನಿಮ್ಮ ಮನೆಯ ಹಳೆ ಕಪ್ಪುಬಿಳುಪು ಮದುವೆ ಫೋಟೋದ ನೆಗೆಟಿವ್‌ ಇನ್ನೂ ಇದ್ದರೆ ಅದರ ಮೇಲಿನ ಕಪ್ಪು ಅಂದರೆ ಬೆಳ್ಳಿಯೇ, ಒಂದು ಕಾಲಕ್ಕೆ ಕೆನೆ ಬಣ್ಣದ ಹರಳಾಗಿದ್ದದ್ದು.

ಐಸ್‌ಕ್ರೀಮಿನ ಮರಳು ಕೊಬ್ಬಿನದಲ್ಲ. ಅದು ಲ್ಯಾಕ್ಟೋಸ್, ಹಾಲಿನ ಸಕ್ಕರೆ. ನಾವು ತಿನ್ನುವ ಸಕ್ಕರೆ 100 ಗ್ರಾಂ ನೀರಿನಲ್ಲಿ 200 ಗ್ರಾಂವರೆಗೂ ಕರಗುತ್ತದೆ. ಲ್ಯಾಕ್ಟೋಸ್ ಸಾಮಾನ್ಯ ಉಷ್ಣಾಂಶದಲ್ಲಿ 20 ಗ್ರಾಂ ಕರಗಿದರೆ ಹೆಚ್ಚು. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ ಇರುತ್ತದೆ. ನೀವು ಪುಡಿ ಜಾಸ್ತಿ ಹಾಕಿದಿರಿ, ಮೇಲಿಂದ ನೀರಿನ ದೊಡ್ಡ ಪಾಲು ಮಂಜಾಗಿ ಹೋಯಿತು, ಉಳಿದ ಹನಿ ನೀರಿನಲ್ಲಿ ಅಷ್ಟೂ ಲ್ಯಾಕ್ಟೋಸ್ ಹಿಡಿಸುವುದಿಲ್ಲ. ಚಳಿಯಲ್ಲಿ ಅದು ಅವಸರ ಮಾಡುವುದಿಲ್ಲ, ಎರಡು ವಾರ ತೆಗೆದುಕೊಂಡು ಸಾವಕಾಶವಾಗಿ ಹರಳು ಕಟ್ಟುತ್ತದೆ. ಕರೆಂಟ್ ಹೋಗಿ ಬಂದಾಗ, ಬಾಗಿಲು ತೆಗೆದು ಹಾಕಿದಾಗ ಇನ್ನೂ ಬೇಗ. ಹರಳಿನ ಆಕಾರ ಕೊಡಲಿಯ ಬಾಯಿಯ ಹಾಗೆ. ಸುಮಾರು 10 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಸಣ್ಣದಿದ್ದರೆ ನಾಲಿಗೆಗೆ ಗೊತ್ತಾಗುವುದಿಲ್ಲ, ಹದಿನೈದು ದಾಟಿದರೆ ಮರಳು. ಮಂಜೋ ಲ್ಯಾಕ್ಟೋಸೋ ಅಂತ ತಿಳಿಯಲು ಒಂದು ಚೂರನ್ನು ನಾಲಿಗೆಯ ಮೇಲೆ ಹಾಗೇ ಹಿಡಿದುಕೊಳ್ಳಿ. ಮಂಜು ಕರಗಿ ಮಾಯವಾಗುತ್ತದೆ. ಲ್ಯಾಕ್ಟೋಸ್ ಐಸ್‌ಕ್ರೀಂ ಎಲ್ಲ ಕರಗಿದ ಮೇಲೂ ಹಲ್ಲಿಗೆ ಕರಕರ ಅನ್ನುತ್ತಾ ಉಳಿಯುತ್ತದೆ, ಸಿಹಿಯೂ ಅಷ್ಟಕ್ಕಷ್ಟೇ. ತಿನ್ನಲು ಏನೂ ತೊಂದರೆ ಇಲ್ಲ. ಮುಂದಿನ ಸಲ ಪುಡಿ ಅರ್ಧ ಮಾಡಿ ಕೆನೆ ಜಾಸ್ತಿ ಹಾಕಿ, ವಾರದೊಳಗೆ ಮುಗಿಸಿ.

ಇದೇ ಲ್ಯಾಕ್ಟೋಸನ್ನು ಕಂಡೆನ್ಸ್ಡ್ ಹಾಲು ಮಾಡುವವರು ಹೇಗೆ ಪಳಗಿಸುತ್ತಾರೆ ಅಂದರೆ, ಹಾಲು ಸುಮಾರು 30 ಡಿಗ್ರಿಗೆ ಆರಿದಾಗ ನಯವಾಗಿ ಪುಡಿ ಮಾಡಿದ ಲ್ಯಾಕ್ಟೋಸನ್ನು ಚಿಟಿಕೆಯಷ್ಟು ಹಾಕಿ ಬಿಡದೆ ಕಲಕುತ್ತಾರೆ. ಬೇಕೆಂದೇ ಲೆಕ್ಕವಿಲ್ಲದಷ್ಟು ಬೀಜ ಬಿತ್ತುವುದು. ಎಲ್ಲಕ್ಕೂ ಪಾಲು ಹಂಚಿಹೋಗಿ ಯಾವುದೂ ದೊಡ್ಡದಾಗುವುದಿಲ್ಲ, ಡಬ್ಬಿಯ ಹಾಲು ರೇಷ್ಮೆಯ ಹಾಗೆ ನಯ. ನಮಗೆ ತುಪ್ಪದಲ್ಲಿ ಬೇಕಾದದ್ದು ಇದರ ವಿರುದ್ಧ.

ಅಂದ ಹಾಗೆ ಬೆಣ್ಣೆ ಬರುವುದಕ್ಕೂ ಕೊಬ್ಬಿನ ಹರಳು ಬೇಕೇ ಬೇಕು. ಕಡೆಯುವಾಗ ಕೆನೆ ತೀರಾ ಬೆಚ್ಚಗಿದ್ದರೆ ಕೊಬ್ಬೆಲ್ಲ ಎಣ್ಣೆಯಾಗಿ ಬೆಣ್ಣೆ ಜಿಡ್ಡು ಜಿಡ್ಡಾಗುತ್ತದೆ, ತೀರಾ ತಣ್ಣಗಿದ್ದರೆ ಕೆನೆಯಲ್ಲಿರುವ ಕೊಬ್ಬಿನ ಪುಟ್ಟ ಗೋಲಿಗಳು ಕಲ್ಲಾಗಿ ಒಂದಕ್ಕೊಂದು ಅಂಟುವುದಿಲ್ಲ. ಸುಮಾರು 10ರಿಂದ 14 ಡಿಗ್ರಿಯ ನಡುವೆ ಅರ್ಧ ಗಟ್ಟಿ ಇದ್ದಾಗ ಹರಳಿನ ಸೂಜಿ ಪಕ್ಕದ ಗೋಲಿಯ ಪೊರೆಯನ್ನು ಚುಚ್ಚುತ್ತದೆ, ಎಣ್ಣೆ ಅಂಟಿನ ಕೆಲಸ ಮಾಡುತ್ತದೆ, ಬೆಣ್ಣೆ ಮೇಲೆ ಬರುತ್ತದೆ. ನಿಮಗೆ ಬೆಣ್ಣೆ ತರುವ ಅಜ್ಜಿ ಬೇಸಿಗೆಯಲ್ಲಿ ಮಣ್ಣಿನ ಕೊಡದ ತಣ್ಣೀರನ್ನೂ ಚಳಿಯಲ್ಲಿ ಉಗುರುಬೆಚ್ಚನೆ ನೀರನ್ನೂ ಕಡೆಯುವ ಪಾತ್ರೆಗೆ ಹಾಕುತ್ತಾರಾ ಕೇಳಿ ನೋಡಿ. ಥರ್ಮಾಮೀಟರ್ ಇಲ್ಲದೆ ಅಂಗೈಯಲ್ಲೇ ಆ ಹದ ಹಿಡಿಯುವವರನ್ನು ನಾನು ಕಂಡಿದ್ದೇನೆ, ಅವರ ಬಗ್ಗೆ ನನಗೆ ತುಂಬಾ ಗೌರವ.

ಈಗ ನಿಮ್ಮ ತುಪ್ಪ ಸರಿ ಮಾಡೋಣ. ಪೂರಾ ಪಾತ್ರೆಯನ್ನು ಸಣ್ಣ ಉರಿಯಲ್ಲಿಟ್ಟು ಚೆನ್ನಾಗಿ ಬಿಸಿ ಮಾಡಿ, 60–70 ಡಿಗ್ರಿ ಆಗಬೇಕು, ಅಂದರೆ ಪಾತ್ರೆ ಮುಟ್ಟಲು ಆಗಬಾರದು. ಬರಿ ಬಿಸಿಲಿಗಿಟ್ಟು ಕರಗಿಸಿದರೆ ಸಾಲದು. ಕಣ್ಣಿಗೆ ಎಣ್ಣೆಯಾಗಿ ಕಂಡರೂ ಒಳಗೆ ಹಳೆ ಹರಳಿನ ಚೂರು ಉಳಿದಿರುತ್ತದೆ, ಆರುವಾಗ ಅವೇ ಸಾವಿರಾರು ಬೀಜಗಳಾಗುತ್ತವೆ. ನೀರಿನ ಪಸೆ ಇಲ್ಲದ ಭರಣಿಗೆ ಸುರಿಯಿರಿ. ತುಪ್ಪ ಆರಿ, ಅದರಲ್ಲಿ ಮುಳುಗಿಸಿದ ಚಮಚದ ತುದಿಯನ್ನು ಬೆರಳಿನಿಂದ ಮುಟ್ಟಿದರೆ ಬಿಸಿಯೂ ತಂಪೂ ಗೊತ್ತಾಗದ ಹೊತ್ತಿಗೆ, ಹಳೆಯ ಹರಳು ತುಪ್ಪ ಇದ್ದರೆ ಅರ್ಧ ಚಮಚ ಹಾಕಿ, ಒಂದೇ ಸಲ ಮೆಲ್ಲಗೆ ತಿರುವಿ. ಆಮೇಲೆ ಅಲ್ಲಾಡಿಸಬೇಡಿ. ನಿಮ್ಮ ಕಡೆ ಈಗ ಚಳಿ, ಹಾಗಾಗಿ ಭರಣಿಯನ್ನು ಹಳೆ ಕಂಬಳಿಯಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಕೂರಿಸಿ. ಅಕ್ಕಿ ಬಿಸಿ ಬಿಟ್ಟುಕೊಡುವುದು ನಿಧಾನ, 28–30 ಡಿಗ್ರಿಯ ಆಸುಪಾಸಿನಲ್ಲಿ ತುಪ್ಪ ಬಹಳ ಹೊತ್ತು ನಿಲ್ಲುತ್ತದೆ. ಒಂದು ರಾತ್ರಿ, ಒಂದು ಹಗಲು ಬಿಡಿ. ಮೇಲೆ ಎಣ್ಣೆ, ಕೆಳಗೆ ಹರಳು ಅಂತ ಎರಡು ಪದರ ಆದರೆ ಅದು ದೋಷ ಅಲ್ಲ, ಒಣ ಚಮಚದಲ್ಲಿ ಎರಡೂ ಬರುವ ಹಾಗೆ ತೆಗೆಯಿರಿ. ಕಾಯಿಸುವಾಗ ವೀಳ್ಯದೆಲೆ ಹಾಕುವ ರೂಢಿ ನಿಮ್ಮಲ್ಲಿದ್ದರೆ ಬಿಡಬೇಡಿ. ಹರಳಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ತುಪ್ಪ ಬೇಗ ಕಮಟು ವಾಸನೆ ಹಿಡಿಯದಂತೆ ತಡೆಯುವ ಅಂಶಗಳು ಎಲೆಯಲ್ಲಿವೆ.

ಭರಣಿಗೆ ಸುರಿಯುವ ಮುಂಚೆ ಒಂದು ಕೆಲಸ ಮಾಡಿ. ಅದೇ ತುಪ್ಪವನ್ನು ಒಂದು ಸಣ್ಣ ಗಾಜಿನ ಬಾಟಲಿಗೆ ತೆಗೆದು ಮಗಳ ಕೈಗೆ ಕೊಡಿ, ಅವಳು ಅದನ್ನು ಫ್ರಿಜ್ಜಿನಲ್ಲಿಡಲಿ. ಮರುದಿನ ಸಂಜೆ ಭರಣಿ, ಬಾಟಲಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಅತ್ತೆಯವರಿಗೆ ತೋರಿಸಿ. ಅಜ್ಜಿಗೆ ಮುಂದಿನ ವಾರದ ಬೆಣ್ಣೆ ಬೇಡ ಅಂತ ಇನ್ನೂ ಹೇಳಿಲ್ಲ ತಾನೇ?